ಸಹಾಯ ಬೇಕು: ಪಕ್ಕದ ಸೈಟಿನಲ್ಲಿ ಬಂಡೆ ಒಡೀತಿದ್ದಾರೆ, ಮೀನುಗಳನ್ನ ಹೇಗೆ ಕಾಪಾಡಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರು, ಬನಶಂಕರಿ ಕಡೆ ನಮ್ಮ ಮನೆ. ಪಕ್ಕದ ಹಳೇ ಮನೆ ಕೆಡವಿ ಬೇಸ್‌ಮೆಂಟ್ ಅಗೀತಿದ್ದಾರೆ. ಎಂಟಡಿಗೇ ಬಂಡೆ ಸಿಕ್ಕಿದೆ. ಸೋಮವಾರದಿಂದ ಬೆಳಿಗ್ಗೆ 9ಕ್ಕೆ ಶುರುವಾದ ಬ್ರೇಕರ್ ನಿಲ್ಲೋದು ಸಂಜೆಗೇ.

ಹಾಲ್‌ನಲ್ಲಿ ಮೂರಡಿ ಟ್ಯಾಂಕ್ ಇದೆ, ಸುಮಾರು 120 ಲೀಟರ್, ನಾಲ್ಕು ಗೋಲ್ಡ್‌ಫಿಶ್. ಬ್ರೇಕರ್ ಬಡಿದಾಗಲೆಲ್ಲ ನೀರು ನಡುಗುತ್ತೆ, ಮೀನುಗಳು ಗಾಜಿಗೆ ಡಿಕ್ಕಿ ಹೊಡೆದು ಮೂಲೆ ಸೇರುತ್ತವೆ. ಮೀನಿನ ಮೈಯ ಎರಡೂ ಬದಿಗೆ ಕಂಪನ ಗ್ರಹಿಸೋ ಗೆರೆ ಇರುತ್ತಲ್ಲ, ಅವಕ್ಕೆ ಎಷ್ಟು ಹಿಂಸೆಯಾಗ್ತಿದೆಯೋ. ಎಲ್ಲಕ್ಕಿಂತ ದೊಡ್ಡದು ಆರು ವರ್ಷದ್ದು, ಅಮ್ಮನ ಕೈಯಿಂದಲೇ ತಿನ್ನೋದು. ಮೂರು ದಿನದಿಂದ ಕಾಳು ಮುಟ್ಟಿಲ್ಲ.

ಧೂಳಿಗೆ ನಮಗೆ ತಿಳಿದಷ್ಟು ಮಾಡಿದೀವಿ. ಟ್ಯಾಂಕಿಗೆ ಮುಚ್ಚಳ, ಕಿಟಕಿಗೆ ಒದ್ದೆ ಬಟ್ಟೆ. ಏರ್ ಪಂಪ್ ಸುತ್ತಲಿನ ಗಾಳಿಯನ್ನೇ ಎಳೆದು ನೀರಿಗೆ ಬಿಡೋದರಿಂದ ಅದನ್ನ ಒಳಗಿನ ರೂಮಿಗಿಟ್ಟು ಉದ್ದ ಪೈಪ್ ಹಾಕಿದೀವಿ. ಸಿಮೆಂಟ್ ಧೂಳು ಬಿದ್ದರೆ ನೀರಿನ ಪಿಎಚ್, ಅಂದ್ರೆ ಕ್ಷಾರದ ಮಟ್ಟ, ಏರುತ್ತೆ, ಆಗ ಮೀನಿನ ಕಸದಿಂದ ಬರೋ ಅಮೋನಿಯಾ ಇನ್ನೂ ವಿಷವಾಗುತ್ತೆ ಅನ್ನೋ ಭಯ. ಅದಕ್ಕೆ ದಿನ ಬಿಟ್ಟು ದಿನ ಐದರಲ್ಲೊಂದು ಪಾಲು ನೀರು ಬದಲಾಯಿಸ್ತಿದೀನಿ, ಕ್ಲೋರಿನ್ ತೆಗೆದೇ.

ತಿಳಿಯದಿರೋದು ಕಂಪನದ ವಿಷಯ. ಟ್ಯಾಂಕಿನಡಿ ತೆಳು ಥರ್ಮಾಕೋಲ್ ಇದೆ. ಖಾಲಿ ಮಾಡಿ ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ಉಪಯೋಗವಾಗುತ್ತಾ? ಗಾಜುಗಳನ್ನ ಅಂಟಿಸಿರೋ ಸಿಲಿಕೋನ್ ಜೋಡಣೆ ಬಿಟ್ಟುಕೊಳ್ಳೋ ಸೂಚನೆ ಮೊದಲೇ ಗೊತ್ತಾಗುತ್ತಾ? ಅಥವಾ ಮೀನು, ಫಿಲ್ಟರ್ ಎರಡನ್ನೂ ತಂಗಿ ಮನೆಯ ದೊಡ್ಡ ಟಬ್‌ಗೆ ಸಾಗಿಸೋದೇ ಮೇಲಾ? ದಾರಿ ಒಂದು ಗಂಟೆಯದು, ಈ ಸ್ಥಿತಿಯಲ್ಲಿ ತಡೆದಾವೋ ಇಲ್ಲವೋ ಅಂತ ಹೆದರಿಕೆ.

ಇನ್ನೂ ಹತ್ತು ದಿನ ಕೆಲಸ ಇದೆಯಂತೆ. ಇಂಥದ್ದನ್ನ ಅನುಭವಿಸಿದವರು ದಯವಿಟ್ಟು ಇವತ್ತೇ ತಿಳಿಸಿ.