ಅಪ್‌ಡೇಟ್: ಹೆಲಿಗೋಲ್ಯಾಂಡ್ ಬಾವುಟದ ಹಸಿರು ಮತ್ತು ಕೆಂಪು

ಉತ್ತರ ಸಮುದ್ರದ ಪುಟ್ಟ ಜರ್ಮನ್ ದ್ವೀಪ ಹೆಲಿಗೋಲ್ಯಾಂಡಿನ ಬಾವುಟದಲ್ಲಿ ಹಸಿರು ಪಟ್ಟಿಗೆ ಅಂಟಿಕೊಂಡೇ ಕೆಂಪು ಪಟ್ಟಿ ಏಕಿದೆ, ಲಾಂಛನಶಾಸ್ತ್ರದಲ್ಲಿ (ಮನೆತನ, ಊರುಗಳ ಚಿಹ್ನೆ ರೂಪಿಸುವ ಶಾಸ್ತ್ರ) ಹಸಿರು, ಕೆಂಪಿನಂಥ ಗಾಢ ಬಣ್ಣದ ಮೇಲೆ ಮತ್ತೊಂದು ಗಾಢ ಬಣ್ಣ ಕೂಡದಲ್ಲವೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಗಂಟು ಬಿಚ್ಚಿತು. ಆ ನಿಯಮ ಹಿನ್ನೆಲೆ ಬಣ್ಣದ ಮೇಲೆ ಕೂರಿಸಿದ ಚಿತ್ರಗಳಿಗೆ. ಈ ಪಟ್ಟಿಗಳಂತೆ ಒಂದಕ್ಕೊಂದು ತಾಗಿಕೊಂಡಿರುವ ಪಾಲುಗಳಿಗೆ ಅಷ್ಟು ಬಿಗಿಯಿಲ್ಲ.

ಬಣ್ಣಗಳ ಮೂಲವಂತೂ ದ್ವೀಪದಲ್ಲೇ ಇದೆ: ಮೇಲೆ ಹುಲ್ಲುಗಾವಲು, ನಡುವೆ ಕೆಂಪು ಮರಳುಗಲ್ಲಿನ ಕಡಿದಾದ ಬಂಡೆ, ಕೆಳಗೆ ಬಿಳಿ ಮರಳು. ಅಲ್ಲಿನವರು ಇದನ್ನೇ ಪ್ರಾಸ ಕಟ್ಟಿ ಹೇಳುತ್ತಾರೆ. 1890ರವರೆಗೆ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಆಗ ಬಾವುಟದ ಮೂಲೆಯಲ್ಲಿ ಬ್ರಿಟನ್ನಿನ ಬಾವುಟವಾದ ಯೂನಿಯನ್ ಜ್ಯಾಕ್ ಕೂಡ ಇತ್ತಂತೆ! ದ್ವೀಪದ ಲಾಂಛನದ ಗುರಾಣಿಯಲ್ಲೂ ಇವೇ ಮೂರು ಪಟ್ಟಿಗಳು. ಸಿಂಹ, ಹದ್ದುಗಳ ಗೊಡವೆಯೇ ಇಲ್ಲ. ನನಗೆ ಹಿಡಿಸಿದ್ದೂ ಅದೇ.