‘ಅಡುಗೆಮನೆ’ ತಪ್ಪೇ? ಮನೆ, ಕೋಣೆ, ಕೊಠಡಿ ಪದಗಳ ಕುರಿತು

ಈಚೆಗೆ ಶಾಲಾ ಬಾಲಕನೊಬ್ಬನ ಪ್ರಬಂಧವನ್ನು ನೋಡುವ ಸಂದರ್ಭ ಒದಗಿತು. ಅವನು ‘ಅಡುಗೆಮನೆ’ ಎಂದು ಬರೆದಿದ್ದ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮೇಲೆ ‘ಅಡುಗೆ ಕೋಣೆ’ ಎಂದು ತಿದ್ದಲಾಗಿತ್ತು. ಮನೆಯೆಂದರೆ ಇಡೀ ಕಟ್ಟಡ, ಅದರ ಒಂದು ಭಾಗವನ್ನು ಮನೆಯೆನ್ನುವುದು ತಪ್ಪು ಎಂಬುದು ತಿದ್ದಿದವರ ವಾದ. ಈ ವಾದ ಮೇಲ್ನೋಟಕ್ಕೆ ಸರಿಯೆನಿಸಿದರೂ ಕನ್ನಡದ ಬಳಕೆ ಅದನ್ನು ಒಪ್ಪುವುದಿಲ್ಲ. ದೇವರಮನೆ, ಬಚ್ಚಲುಮನೆ, ನಡುಮನೆ, ಒಳಮನೆ ಎನ್ನುವಾಗ ನಾವು ಹೇಳುತ್ತಿರುವುದು ಒಂದೇ ಸೂರಿನಡಿಯ ಬೇರೆ ಬೇರೆ ಭಾಗಗಳನ್ನೇ.

‘ಮನೆ’ಯ ಮೂಲದಲ್ಲಿ ಗೋಡೆ, ಚಾವಣಿಗಳ ಕಲ್ಪನೆಯೇ ಇದ್ದಂತಿಲ್ಲ. ತಮಿಳಿನ ‘ಮನ್ನು’ ಎಂಬ ಕ್ರಿಯಾಪದಕ್ಕೆ ನೆಲೆಸು, ಉಳಿ ಎಂಬ ಅರ್ಥಗಳಿವೆ. ತೆಲುಗಿನಲ್ಲಿ ‘ಮನು’ ಎಂದರೆ ಬದುಕು, ‘ಮನುಗಡ’ ಎಂದರೆ ಬಾಳ್ವೆ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮಿನೊ ಅವರು 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶ ಇವೆಲ್ಲವನ್ನೂ ನಮ್ಮ ‘ಮನೆ’ಯೊಂದಿಗೆ ಒಂದೇ ಕುಟುಂಬದಲ್ಲಿ ಇರಿಸುತ್ತದೆ. ತಮಿಳಿನ ‘ಮನೈ’ ಶಬ್ದಕ್ಕೆ ಮನೆ ಎಂಬ ಅರ್ಥದ ಜೊತೆಗೆ ಇನ್ನೂ ಏನನ್ನೂ ಕಟ್ಟದ ನಿವೇಶನ ಎಂಬ ಅರ್ಥವೂ ಉಂಟು. ಆದ್ದರಿಂದ ಯಾವುದೋ ಒಂದು ನೆಲೆಗೊಳ್ಳುವ ತಾಣ ಎಂಬುದೇ ಈ ಪದದ ತಿರುಳೆಂದು ನಾನು ತಿಳಿಯುತ್ತೇನೆ. ಚದುರಂಗದ ಹಾಸಿನಲ್ಲಿ 64 ಮನೆಗಳಿವೆ, ಜಾತಕದಲ್ಲಿ 12 ಮನೆಗಳಿವೆ. ಕಾಯಿಯೋ ಗ್ರಹವೋ ಬಂದು ಕೂರುವ ಎಡೆ ಎಂಬುದಷ್ಟೇ ಅಲ್ಲಿ ಮನೆಯ ಅರ್ಥ. ಅದಕ್ಕೆ ಬಾಗಿಲು ಬೇಡ, ಸೂರು ಬೇಡ. ಅಡುಗೆ ನಡೆಯುವ ಎಡೆ ಅಡುಗೆಮನೆ, ಬಚ್ಚಲಿರುವ ಎಡೆ ಬಚ್ಚಲುಮನೆ ಎಂದಾದದ್ದು ಇದೇ ಜಾಡಿನಲ್ಲಿ. (ಅಳಗುಳಿಮಣೆ, ಚೆನ್ನೆಮಣೆಗಳ ಕೊನೆಯಲ್ಲಿರುವ ‘ಮಣೆ’ ಮರದ ಹಲಗೆ, ಅದನ್ನು ಇಲ್ಲಿಗೆ ಎಳೆದು ತರಬಾರದು.)

‘ಕೋಣೆ’ಯ ವಿಷಯ ಬೇರೆ. ತ್ರಿಕೋಣ, ಚತುಷ್ಕೋಣಗಳ ಪರಿಚಯವಿರುವವರು ಅದನ್ನು ಸಂಸ್ಕೃತದ ‘ಕೋಣ’ದ ತದ್ಭವವೆಂದು ಕೂಡಲೇ ಹೇಳಿಬಿಡುತ್ತಾರೆ. ಆದರೆ ಸಂಸ್ಕೃತದ ಆ ಶಬ್ದಕ್ಕೆ ಮೂಲೆ ಎಂಬ ಅರ್ಥವಿದೆಯೇ ಹೊರತು ವಾಸದ ಕೊಠಡಿ ಎಂಬ ಅರ್ಥವಿಲ್ಲ. ಅಲ್ಲದೆ ಬಾಗು, ಸೊಟ್ಟಗಾಗು ಎಂಬ ಅರ್ಥದ ಧಾತು ದ್ರಾವಿಡ ನುಡಿಗಳಲ್ಲೇ ಇದೆ. ತಮಿಳಿನಲ್ಲಿ ‘ಕೋಣಲ್’ ಎಂದರೆ ಸೊಟ್ಟು. ‘ಕೋಣ’ವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಎಂಬ ಪಕ್ಷವೂ ಭಾಷಾವಿಜ್ಞಾನಿಗಳಲ್ಲಿದೆ, ನನ್ನ ಒಲವು ಅತ್ತಲೇ. ಇಡಿಯಾದ ಒಳಾವರಣದ ಒಂದು ಮೂಲೆಯನ್ನು ಗೋಡೆ ಹಾಕಿ ಬೇರ್ಪಡಿಸಿದಾಗ ಆ ಮೂಲೆಯೇ ಕೋಣೆಯಾಯಿತು ಎಂದು ಊಹಿಸಿದರೆ ಅರ್ಥದ ಕೊಂಡಿ ಸಹಜವಾಗಿ ಕೂಡಿಕೊಳ್ಳುತ್ತದೆ.

‘ಕೊಠಡಿ’ಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಅದರ ನಡುವಿನ ಮಹಾಪ್ರಾಣವೇ ಅದು ಹೊರಗಿನಿಂದ ಬಂದದ್ದೆಂದು ಸಾರುತ್ತದೆ. ಸಂಸ್ಕೃತದ ‘ಕೋಷ್ಠ’ ಹಿಂದಿ, ಮರಾಠಿಗಳಲ್ಲಿ ರೂಪ ಬದಲಿಸಿಕೊಂಡು ನಮ್ಮಲ್ಲಿಗೆ ಬಂದಿತು. ಲೆಕ್ಕದ ‘ಕೋಷ್ಠಕ’ವೂ ಅದೇ ಬೇರಿನದು. ಪರೀಕ್ಷಾ ಕೊಠಡಿ, ಕೊಠಡಿ ಸಂಖ್ಯೆ ಎಂಬಂಥ ಕಚೇರಿ ಬಳಕೆಯಲ್ಲಿ ಅದು ಗಟ್ಟಿಯಾಗಿ ನಿಂತಿದೆ.

ಮನೆ ಮತ್ತು ಕೋಣೆಗಳು ಕೆಲಸವನ್ನು ಹಂಚಿಕೊಂಡಿರುವ ಬಗೆ ನನಗೆ ಎಲ್ಲಕ್ಕಿಂತ ಕುತೂಹಲದ್ದಾಗಿ ತೋರುತ್ತದೆ. ನಾಮಪದದ ಜೊತೆ ಸಮಾಸವಾಗುವಾಗ ‘ಮನೆ’ ಸಲೀಸಾಗಿ ಬರುತ್ತದೆ. ಕೃದಂತದ, ಅಂದರೆ ಕ್ರಿಯಾಪದದಿಂದ ಹುಟ್ಟಿದ ‘ಮಲಗುವ’ ಎಂಬಂಥ ಪದದ, ಮುಂದೆ ಮಾತ್ರ ‘ಕೋಣೆ’ಯೇ ಬೇಕು: ಮಲಗುವ ಕೋಣೆ, ಓದುವ ಕೋಣೆ, ಕಾಯುವ ಕೋಣೆ. ‘ಓದುವ ಮನೆ’ ಎಂದರೆ ಓದಲೆಂದೇ ಇರುವ ಬೇರೊಂದು ಮನೆಯೆಂಬ ಅರ್ಥ ಹೊಮ್ಮುತ್ತದೆ. ಎಣಿಸುವಾಗಲೂ ಹೀಗೆಯೇ, ‘ಮೂರು ಕೋಣೆಯ ಮನೆ’ ಎನ್ನುತ್ತೇವಲ್ಲದೆ ‘ಮೂರು ಮನೆಯ ಮನೆ’ ಎನ್ನುವುದಿಲ್ಲ. ದೇವರಕೋಣೆ, ಅಡುಗೆಕೋಣೆಗಳೂ ಬಳಕೆಯಲ್ಲಿರುವುದರಿಂದ ಅವನ್ನು ತಪ್ಪೆನ್ನಲಾಗದು, ಆದರೆ ಬಚ್ಚಲುಮನೆಯನ್ನು ‘ಬಚ್ಚಲುಕೋಣೆ’ ಎಂದು ಹೇಳಿ ನೋಡಿದರೆ ಕಿವಿಯೇ ತಕರಾರು ತೆಗೆಯುತ್ತದೆ. ಬಾಲಕನ ‘ಅಡುಗೆಮನೆ’ಯನ್ನು ಹಾಗೆಯೇ ಬಿಡಬೇಕಿತ್ತು.

ಬಲ್ಲವರಲ್ಲಿ ಒಂದು ಪ್ರಶ್ನೆ. ‘ಮನೆ’ಗೆ ಅಡುಗೆ, ದೇವರು ಎಂಬಂಥ ಬೇರಾವ ಪದವನ್ನೂ ಸೇರಿಸದೆ, ಒಂದೇ ಸೂರಿನಡಿಯ ಕೋಣೆಯನ್ನು ಬೊಟ್ಟು ಮಾಡಿ ತೋರಿಸುತ್ತ ‘ಆ ಮನೆಯಲ್ಲಿ ದೀಪ ಹಾಕು’ ಎನ್ನುವ ರೂಢಿಯನ್ನು ನಿಮ್ಮ ಆಡುಮಾತಿನಲ್ಲಿ ಕೇಳಿದ್ದೀರಾ?