ಪದಚರ್ಚೆ: ‘ಮರೆ’ ಒಂಟಿಯಾಗಿ ನಿಲ್ಲುತ್ತದೆಯೇ?

ಗೆಳೆಯರೇ,

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಮಾತಿನಲ್ಲೇ ಕತೆ ಬೆಳೆಸುವ ರೋಲ್‌ಪ್ಲೇ ಆಟಕ್ಕಾಗಿ ಒಂದು ನಗರ ಕಟ್ಟುತ್ತಿದ್ದೇನೆ. ಅರ್ಬನ್ ಫ್ಯಾಂಟಸಿ ಬಗೆಯದು. ಬಸ್ಸು, ಮೊಬೈಲು, ಟ್ರಾಫಿಕ್ಕು ಎಲ್ಲ ಇರುವ ಇವತ್ತಿನ ಊರೇ. ಅದರ ಸಂದಿಗೊಂದಿಗಳಲ್ಲಿ ಮಾಟಗಾರರು, ರಕ್ತ ಹೀರುವವರು, ರೂಪ ಬದಲಿಸುವವರು ಯಾರಿಗೂ ಗೊತ್ತಾಗದಂತೆ ಬದುಕುತ್ತಿರುತ್ತಾರೆ. ನಕ್ಷೆ ಆಯಿತು, ಪಾತ್ರಗಳೂ ಆದವು. ಒಂದು ಪದಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಇವರು ಜನರ ಕಣ್ಣಿಗೆ ಬೀಳದಂತೆ ಕಾಯುವ ಕಟ್ಟುಪಾಡಿಗೆ ಏನನ್ನಬೇಕು? 1991ರಲ್ಲಿ ಬಂದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಆಟದಲ್ಲಿ ಮಾಸ್ಕರೇಡ್ ಅಂದರೆ ಬರೀ ವೇಷವಲ್ಲ, ಕಾನೂನು. ಮುರಿದರೆ ಶಿಕ್ಷೆ.

‘ಮುಖವಾಡ’ ಒಬ್ಬರ ಮುಖಕ್ಕೆ ಸಾಕು, ಇಡೀ ನಗರಕ್ಕೆ ಸಾಲದು. ‘ಸೋಗು’ ಕೂಡ ಹಾಗೇ, ಜೊತೆಗೆ ಅದರಲ್ಲಿ ಬೈಗುಳದ ವಾಸನೆ ಬೇರೆ. ‘ಕಣ್ಕಟ್ಟು’ ನನಗೆ ತುಂಬಾ ಇಷ್ಟ. ಆದರೆ ಅದು ಜಾದೂಗಾರ ಆ ಹೊತ್ತಿಗೆ ಮಾಡಿ ಮುಗಿಸುವ ಕೆಲಸ ಅಲ್ವಾ? ತಲೆಮಾರುಗಳಿಂದ ನಡೆದುಬಂದ ಕಟ್ಟಳೆಯ ತೂಕ ಅದಕ್ಕಿಲ್ಲ. ಬಿಡಲು ಮನಸ್ಸಾಗದೆ ಒಂದು ಮಂತ್ರಕ್ಕೆ ಆ ಹೆಸರು ಕೊಟ್ಟುಬಿಟ್ಟೆ.

ಈಗ ಉಳಿದಿರುವುದು ‘ಮರೆ’. ಮರೆಮಾಡು, ಮರೆಯಾಗು ಅಂದಾಗ ಅಡಗುವ ಅರ್ಥ. ಮರೆತುಬಿಡು ಅಂದಾಗ ನೆನಪು ಹೋಗುವ ಅರ್ಥ. ಮರೆಹೊಗು ಅಂದರೆ ಆಸರೆ ಬೇಡಿ ಬರುವುದು. ಹಳಗನ್ನಡದಲ್ಲಿ ಅಡಗುವುದಕ್ಕೂ ನೆನಪು ತಪ್ಪುವುದಕ್ಕೂ ‘ಮಱೆ’ ಎಂದೇ ಬರೆಯುತ್ತಿದ್ದರು (‘ಱ’ ಅಂದರೆ ಈಗ ಬಳಕೆ ತಪ್ಪಿರುವ ಗಡುಸು ‘ರ’). ಹಾಗಾಗಿ ರ, ಱ ಬೆರೆತು ಆಮೇಲೆ ಒಂದೇ ಥರ ಕಂಡ ಪದಗಳಲ್ಲ ಇವು. ನನ್ನ ನಗರದಲ್ಲಿ ಮೂರೂ ನಡೆಯುತ್ತವೆ. ಅವರು ಅಡಗಿರುತ್ತಾರೆ, ಕಂಡವರು ಮರೆಯುತ್ತಾರೆ, ಬೇರೆಡೆಯಿಂದ ಓಡಿಬಂದವರು ಇಲ್ಲಿ ಮರೆಹೊಗುತ್ತಾರೆ. ಬೇಕೆಂದರೂ ಇಂಥ ಪದ ಸಿಗಲಿಕ್ಕಿಲ್ಲ.

ತೊಡಕು ಬರುವುದು ವಾಕ್ಯದಲ್ಲಿ. ಆಟದಲ್ಲಿ ಯಾರೋ ಜೋರಾಗಿ ‘ಮರೆ!’ ಅಂದರೆ ‘ಮರೆತುಬಿಡು’ ಎಂದೇ ಕೇಳುತ್ತದೆ. ಇನ್ನು ಕ್ರಿಯಾಪದ ಯಾವುದು? ಪರದೆ ಎಂದುಕೊಂಡರೆ ‘ಮರೆ ಹರಿಯಿತು’, ‘ಮರೆ ಸರಿಯಿತು’. ಕಟ್ಟಳೆ ಎಂದುಕೊಂಡರೆ ‘ಮರೆ ಮುರಿದ’, ‘ಮರೆ ಮೀರಿದ’. ನನ್ನ ಕಿವಿಗೆ ‘ಮರೆ ಮೀರಿದ’ ಒಪ್ಪುತ್ತದೆ, ‘ಮುರಿದ’ ಸುಮ್ನೆ ಅನುವಾದದಂತಿದೆ. ‘ಕಣ್ಮರೆ’ ಅಂದರೆ ಗೊಂದಲ ತಪ್ಪುತ್ತದೇನೋ, ಆದರೆ ಪತ್ರಿಕೆಗಳು ಅದನ್ನು ಕಾಣೆಯಾದವರಿಗೂ ತೀರಿಕೊಂಡವರಿಗೂ ಬಳಸಿ ಬಳಸಿ ಅದೇ ಅರ್ಥ ಗಟ್ಟಿಯಾಗಿದೆ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಹುಟ್ಟಿನಿಂದಲೋ ಕಡಿತದಿಂದಲೋ ಸೇರುವ ಗುಂಪಿಗೆ ‘ಕುಲ’, ಆರಿಸಿಕೊಂಡು ಸೇರುವ ಗುಂಪಿಗೆ ‘ಕೂಟ’ ಎಂದಿಟ್ಟಿದ್ದೇನೆ. ‘ಬಣ’ ಅಂದರೆ ಚುನಾವಣೆಯ ಸುದ್ದಿ ಓದಿದ ಹಾಗಾಗುತ್ತದೆ. ಈ ಎರಡು ಹೆಸರು ನಿಮಗೆ ಒಪ್ಪುತ್ತವೆಯೇ?

ನಿಮ್ಮ ಕಡೆಯ ಮಾತಿನಲ್ಲಿ ‘ಮರೆ’ ಹಿಂದೆ ಮುಂದೆ ಏನೂ ಇಲ್ಲದೆ ನಾಮಪದವಾಗಿ ಬಳಕೆಯಲ್ಲಿದೆಯೇ? ಇದ್ದರೆ ಒಂದೆರಡು ವಾಕ್ಯ ಬರೆದು ಕಳಿಸಿ.